ಉಚಿತ ಫೋಟೊ ಎಡಿಟಿಂಗ್ ತಂತ್ರಾಂಶ: ಕೆಜಿಎಫ್, ಬಂಗಾರಪೇಟೆಯ ಹೊಸ ಛಾಯಾಗ್ರಾಹಕರ ಆಯ್ಕೆ

ಡಿಜಿಟಲ್ ಕ್ಯಾಮೆರಾದಲ್ಲೋ ಮೊಬೈಲ್‌ನಲ್ಲೋ ತೆಗೆದ ಚಿತ್ರದ ಬೆಳಕು, ಬಣ್ಣ, ಚೌಕಟ್ಟುಗಳನ್ನು ತಿದ್ದಲು ಹಣ ಕೊಡದೆ ಪಡೆಯಬಹುದಾದ ತಂತ್ರಾಂಶಗಳಲ್ಲಿ ಎರಡು ಬಗೆ. ಜಿಂಪ್, ಡಾರ್ಕ್‌ಟೇಬಲ್, ರಾಥೆರಪಿ ಮೊದಲಾದವು ಮುಕ್ತ ತಂತ್ರಾಂಶಗಳು. ಇವುಗಳ ಆಕರ ಸಂಕೇತ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ತೆರೆದಿದೆ. ಸ್ನ್ಯಾಪ್‌ಸೀಡ್, ಫೋಟೊಪಿಯಾಗಳನ್ನು ಬಳಸಲು ಬೆಲೆಯಿಲ್ಲ, ಆದರೆ ಅವುಗಳ ಒಡೆತನ ತಯಾರಕರಲ್ಲೇ ಉಳಿದಿದೆ. ಯಾವುದರಲ್ಲಿ ಫಿಲ್ಟರ್ ಹೆಚ್ಚು, ಯಾವುದು ಬೇಗ ಕೈಗೆ ಹತ್ತುತ್ತದೆ ಎಂದೇ ಹೊಸಬರು ಸಾಮಾನ್ಯವಾಗಿ ವಿಚಾರಿಸುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ತಿದ್ದಿದ ಮೇಲೂ ಮೂಲ ಚಿತ್ರ ಹಾಗೇ ಉಳಿಯುತ್ತದೆಯೇ, ಮಾಡಿದ ತಿದ್ದುಪಡಿಯನ್ನು ನಾಳೆ ತೆರೆದು ಬದಲಿಸಲು ಬರುತ್ತದೆಯೇ? ಈ ಮಾನದಂಡದ ತೂಕ ಎಷ್ಟೆಂಬುದು ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ ಚೆನ್ನಾಗಿ ತಿಳಿಯುತ್ತದೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕಾಲಿಟ್ಟಲ್ಲಿಂದ, ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ನಡೆದ ದುಡಿಮೆಯ ಗುರುತುಗಳು ಕೆಜಿಎಫ್ ತುಂಬ ಹರಡಿವೆ: ಗಣಿಬಾವಿಗಳ ಮೇಲಿನ ಉಕ್ಕಿನ ಗೋಪುರಗಳು, ಕಾರ್ಮಿಕರ ಸಾಲುಮನೆಗಳು, ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು. ಅಂಥ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬಗಳ ರೂಪ ಬದಲಾದ ಮೇಲೆ ಅವು ಹೇಗಿದ್ದವು ಎಂಬುದಕ್ಕೆ ಇಂದಿನ ಚಿತ್ರಗಳೇ ಸಾಕ್ಷಿಯಾಗುತ್ತವೆ. 2018ರಲ್ಲಿ ತೆರೆಕಂಡ ‘ಕೆಜಿಎಫ್’ ಚಲನಚಿತ್ರ ಈ ಊರಿಗೆ ಮಸಿಗಪ್ಪು ಬಣ್ಣವೊಂದನ್ನು ಅಂಟಿಸಿತು. ನಿಜವಾದ ದಿಬ್ಬಗಳ ಬಣ್ಣ ಮಸುಕು ಬೂದು, ತಿಳಿಗಂದು. ಚಲನಚಿತ್ರದ ಬಣ್ಣ ಬೇಕೆನಿಸಿದವರು ಹಾಗೆ ಮಾಡಿಕೊಳ್ಳಲಿ, ಅದೂ ಒಂದು ಕಲೆಯೇ. ಆದರೆ ಆ ಫಿಲ್ಟರ್ ಮೂಲ ಫೈಲಿನ ಮೇಲೆಯೇ ಕೂತುಬಿಟ್ಟರೆ ಊರಿನ ಬಣ್ಣ ಶಾಶ್ವತವಾಗಿ ಅಳಿಸಿಹೋಗುತ್ತದೆ.

ತಾಂತ್ರಿಕವಾಗಿಯೂ ಈ ನೆಲ ಹೊಸಬರಿಗೆ ಸುಲಭವಲ್ಲ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನು ನಡುಮಟ್ಟದ ಬೂದುಬಣ್ಣವೆಂದು ಲೆಕ್ಕ ಹಾಕುತ್ತದೆ. ಹಾಗಾಗಿ ಮಧ್ಯಾಹ್ನದ ಬಿಸಿಲಿಗೆ ಹೊಳೆಯುವ ದಿಬ್ಬ ಚಿತ್ರದಲ್ಲಿ ಮಂಕಾಗುತ್ತದೆ, ಅದರ ಮುಂದೆ ನಿಂತವರ ಮುಖಕ್ಕೆ ಕತ್ತಲು ಕವಿಯುತ್ತದೆ. ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೂ 256 ಮಟ್ಟಗಳು ಮಾತ್ರ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ 14 ಬಿಟ್ ರಾ ಫೈಲಿನಲ್ಲಿ 16,384. ಜೆಪೆಗ್‌ನಲ್ಲಿ ಆ ಮುಖವನ್ನು ಬಹಳ ಬೆಳಗಿಸಲು ಹೋದರೆ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ, ರಾ ಫೈಲ್ ಹೆಚ್ಚು ತಾಳಿಕೊಳ್ಳುತ್ತದೆ. ಪಕ್ಕದ ಬಂಗಾರಪೇಟೆಯ ಪಾನಿಪುರಿ ಅಂಗಡಿಯದು ಬೇರೆ ಪರೀಕ್ಷೆ. ಅಲ್ಲಿನ ಪಾನಿ ಹಸಿರಾಗಿರದೆ ಶುದ್ಧ ನೀರಿನಂತೆ ತಿಳಿಯಾಗಿರುವುದಕ್ಕೇ ಹೆಸರುವಾಸಿ. ಸಂಜೆ ಹಳದಿ ಬಲ್ಬಿನ ಕೆಳಗೆ ತೆಗೆದ ಚಿತ್ರದಲ್ಲಿ ಅದು ಹಳದಿಯಾಗಿ ಕಾಣುತ್ತದೆ. ಇದಕ್ಕೆ ಬೇಕಾದದ್ದು ವೈಟ್ ಬ್ಯಾಲೆನ್ಸ್ ತಿದ್ದುವ ಒಂದು ಸ್ಲೈಡರ್ ಅಷ್ಟೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಕ್ರಾಪ್, ಕರ್ವ್ಸ್ ಈ ನಾಲ್ಕು ಸರಿಯಾಗಿ ಕಲಿತರೆ ಆರಂಭದ ಅಗತ್ಯಗಳಲ್ಲಿ ಬಹುಪಾಲು ಮುಗಿಯುತ್ತವೆ, ಮತ್ತು ಇವು ಒಂದಲ್ಲ ಒಂದು ರೂಪದಲ್ಲಿ ಮೇಲೆ ಹೆಸರಿಸಿದ ಎಲ್ಲ ತಂತ್ರಾಂಶಗಳಲ್ಲೂ ಇವೆ. ಆದ್ದರಿಂದ ಸಲಕರಣೆಗಳ ಎಣಿಕೆ ಹಿಡಿದು ಆಯ್ಕೆ ಮಾಡುವುದರಲ್ಲಿ ಅರ್ಥವಿಲ್ಲ.

ಮೂಲವನ್ನು ಉಳಿಸುವ ರೀತಿಯಲ್ಲಿ ತಂತ್ರಾಂಶಗಳ ನಡುವೆ ವ್ಯತ್ಯಾಸವಿದೆ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ರಾ ಫೈಲನ್ನು ಮುಟ್ಟುವುದೇ ಇಲ್ಲ. ತಿದ್ದುಪಡಿಯ ವಿವರವನ್ನು ಪಕ್ಕದಲ್ಲಿ ಒಂದು ಪುಟ್ಟ ಫೈಲಿನಲ್ಲಿ ಬರೆದಿಡುತ್ತವೆ. 2012ರ 2.8ನೇ ಆವೃತ್ತಿಯಿಂದ ಜಿಂಪ್‌ನಲ್ಲಿ ‘ಸೇವ್’ ಒತ್ತಿದರೆ ಪದರಗಳ ಸಮೇತ ಎಕ್ಸ್‌ಸಿಎಫ್ ಫೈಲ್ ಉಳಿಯುತ್ತದೆ. ಜೆಪೆಗ್ ಬೇಕಾದರೆ ‘ಎಕ್ಸ್‌ಪೋರ್ಟ್’ಗೆ ಹೋಗಬೇಕು. ಹೊಸಬರಿಗೆ ಇದು ಕಿರಿಕಿರಿ ಎನಿಸುತ್ತದೆ, ಆದರೆ ಅವರ ಮೂಲ ಚಿತ್ರವನ್ನು ಕಾಯುವುದೂ ಇದೇ ಏರ್ಪಾಡು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಹಾಕಿದ ಫಿಲ್ಟರನ್ನು ಆಮೇಲೆ ತೆರೆದು ಬದಲಿಸುವ ಸೌಕರ್ಯವೂ ಸೇರಿತು.

ಬೆಲೆಯಿಲ್ಲದ ತಂತ್ರಾಂಶ ನಾಳೆ ಇರುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಗೂಗಲ್ ತನ್ನ ಜನಪ್ರಿಯ ಫೋಟೊ ತಂತ್ರಾಂಶ ಪಿಕಾಸಾವನ್ನು 2016ರಲ್ಲಿ ನಿಲ್ಲಿಸಿತು. ಅದೇ ವರ್ಷ ಉಚಿತವಾಗಿ ಬಿಟ್ಟ ನಿಕ್ ಕಲೆಕ್ಷನ್ ಎಂಬ ಫಿಲ್ಟರ್ ಸಂಗ್ರಹ 2017ರಲ್ಲಿ ಡಿಎಕ್ಸ್‌ಒ ಕಂಪನಿಗೆ ಮಾರಾಟವಾಗಿ ಮತ್ತೆ ಹಣದ ಸರಕಾಯಿತು. ಒಡೆತನ ಕಂಪನಿಯದಾಗಿದ್ದರೆ ತೀರ್ಮಾನವೂ ಕಂಪನಿಯದೇ. 1995ರಲ್ಲಿ ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಜಿಂಪ್, ಅವರು ಬಿಟ್ಟುಹೋದ ಮೇಲೂ ಬೇರೆಯವರ ಕೈಯಲ್ಲಿ ಬೆಳೆದಿದೆ. ಮುಕ್ತ ತಂತ್ರಾಂಶದ ನಡಿಗೆ ನಿಧಾನ ಎಂಬ ದೂರೂ ಸುಳ್ಳಲ್ಲ. ಜಿಂಪ್ 2018ರ 2.10ರಿಂದ 3.0ಕ್ಕೆ ಬರಲು ಸುಮಾರು 7 ವರ್ಷ ಹಿಡಿಯಿತು. ಆದರೂ ಹಳೆಯ ಫೈಲುಗಳು ತೆರೆದುಕೊಳ್ಳುತ್ತಲೇ ಇವೆ, ದಾಖಲೆ ಉಳಿಸಬೇಕೆನ್ನುವವರಿಗೆ ವೇಗಕ್ಕಿಂತ ಅದೇ ಮುಖ್ಯ.

ಇನ್ನೊಂದು ಆಕ್ಷೇಪ ಹೊಟ್ಟೆಪಾಡಿನದು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಿಂದ ಬಂಗಾರಪೇಟೆ ಜಂಕ್ಷನ್ ಮೂಲಕ ಬೆಂಗಳೂರಿಗೆ ದಿನವೂ ರೈಲಿನಲ್ಲಿ ದುಡಿಯಲು ಹೋಗುವ ಊರು ಇದು. ಸ್ಟುಡಿಯೊಗಳಲ್ಲಿ ಫೋಟೊಶಾಪ್ ಬಲ್ಲವರನ್ನೇ ಕೇಳುವಾಗ ಜಿಂಪ್ ಕಲಿತು ಏನು ಪ್ರಯೋಜನ ಎಂದು ಕೇಳುವವರ ಚಿಂತೆ ನಿಜವಾದದ್ದು. ಆದರೆ ಲೆವೆಲ್ಸ್, ಕರ್ವ್ಸ್, ಲೇಯರ್, ಮಾಸ್ಕ್‌ಗಳ ತರ್ಕ ಎರಡರಲ್ಲೂ ಒಂದೇ. ಬ್ರೌಸರ್‌ನಲ್ಲೇ ನಡೆಯುವ ಫೋಟೊಪಿಯಾ ಫೋಟೊಶಾಪ್‌ನ ಪಿಎಸ್‌ಡಿ ಫೈಲನ್ನು ತೆರೆಯುತ್ತದೆ, ಅದರ ಮೆನುಗಳೂ ಹೆಚ್ಚುಕಡಿಮೆ ಹಾಗೇ ಇವೆ. ಜಾಹೀರಾತು ಸಹಿಸಿಕೊಂಡರೆ ಕೈ ಪಳಗಿಸಲು ಅಷ್ಟು ಸಾಕು. ಪೈರಸಿ ಪ್ರತಿ ಹಾಕಿಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಅಂಥ ಪ್ರತಿಗಳ ಜತೆಗೆ ವೈರಸ್ ಬರುವ ಅಪಾಯವಿದೆ. ತಿಳಿದೂ ಅವನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ.

ಗಣಿ ಕಾರ್ಮಿಕ ಕುಟುಂಬಗಳಲ್ಲಿ ಉಳಿದಿರುವ ಹಳೆಯ ಅಚ್ಚುಚಿತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ಕ್ಯಾನ್ ಮಾಡಿದ ಮೊದಲ ಪ್ರತಿಯನ್ನು ಮುಟ್ಟದೆ ಬೇರೆಯಾಗಿಟ್ಟು, ನಕಲಿನ ಮೇಲೆ ಜಿಂಪ್‌ನ ಹೀಲ್, ಕ್ಲೋನ್ ಸಲಕರಣೆಗಳಿಂದ ಗೀರು, ಕಲೆಗಳನ್ನು ಅಳಿಸಬಹುದು. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇದನ್ನೇ ಕ್ಷಣದಲ್ಲಿ ಮಾಡುತ್ತವೆ ಎಂಬುದು ನಿಜ. ಆದರೆ ಮಸುಕಾದ ಮುಖಕ್ಕೆ ಅವು ಹೊಸ ಕಣ್ಣು, ಹೊಸ ತುಟಿ ಊಹಿಸಿ ಬರೆಯುತ್ತವೆ. ಶಿಫ್ಟ್ ಮುಗಿಸಿ ಸಾಲಾಗಿ ನಿಂತ ಕಾರ್ಮಿಕರ ಗುಂಪುಚಿತ್ರದಲ್ಲಿ ಹೀಗಾದರೆ ಅಜ್ಜನ ಜಾಗದಲ್ಲಿ ಅಪರಿಚಿತನೊಬ್ಬ ನಿಲ್ಲುತ್ತಾನೆ. ಅಂಥ ಚಿತ್ರ ಹಂಚುವಾಗ ಹೇಗೆ ತಿದ್ದಲಾಗಿದೆ ಎಂದು ತಿಳಿಸುವುದು ಕನಿಷ್ಠ ಪ್ರಾಮಾಣಿಕತೆ.

ಹೀಗೆ ನೋಡಿದಾಗ ಆಯ್ಕೆ ಕಷ್ಟವಲ್ಲ. ಮೊಬೈಲ್ ಮಾತ್ರ ಇರುವವರು ಸ್ನ್ಯಾಪ್‌ಸೀಡ್‌ನಿಂದ ಆರಂಭಿಸಬಹುದು. ಅದಕ್ಕೆ ಬೆಲೆಯೂ ಇಲ್ಲ, ಜಾಹೀರಾತೂ ಇಲ್ಲ. ಆದರೆ ಅದೂ ಗೂಗಲ್‌ನದೇ ಆದ್ದರಿಂದ ಮೂಲ ಚಿತ್ರಗಳ ನಕಲು ಬೇರೆಡೆ ಇರಬೇಕು. ತಂತ್ರಾಂಶ ಹಾಕಲು ಅನುಮತಿಯಿಲ್ಲದ ಕಾಲೇಜಿನ ಅಥವಾ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಫೋಟೊಪಿಯಾ ಸಾಕು. ಸ್ವಂತ ಕಂಪ್ಯೂಟರ್ ಇದ್ದವರಿಗೆ ಜಿಂಪ್, ರಾ ತೆಗೆಯಲು ಕಲಿತ ಮೇಲೆ ಅದರ ಜತೆಗೆ ರಾಥೆರಪಿ ಅಥವಾ ಡಾರ್ಕ್‌ಟೇಬಲ್. ಯಾವುದನ್ನೇ ಹಿಡಿದರೂ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಒಂದನ್ನೇ ಪಟ್ಟಾಗಿ ಕಲಿಯಿರಿ, ತಿದ್ದಲು ಕೂರುವ ಮೊದಲು ಮೂಲ ಚಿತ್ರದ ಒಂದು ನಕಲನ್ನು ತೆಗೆದಿಡಿ.