ಗಾಡ್‌ಫಾದರ್ ಮೂರನೇ ಭಾಗ: ಲೆಕ್ಕ ಚುಕ್ತಾ ಆಗುವ ಚಿತ್ರ

ಮಾರಿಯೊ ಪುಜೊ ಅವರ ಕಾದಂಬರಿಯನ್ನು ಆಧರಿಸಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ನಿರ್ದೇಶಿಸಿದ ‘ದಿ ಗಾಡ್‌ಫಾದರ್’ 1972ರಲ್ಲಿ, ಅದರ ಎರಡನೇ ಭಾಗ 1974ರಲ್ಲಿ ತೆರೆಕಂಡವು. ಎರಡಕ್ಕೂ ಶ್ರೇಷ್ಠ ಚಿತ್ರದ ಆಸ್ಕರ್ ಬಂತು. ಕೊರ್ಲಿಯೋನೆ ಕುಟುಂಬದ ಕಥೆ ಮುಗಿಸುವ ಮೂರನೇ ಭಾಗ ಬಂದದ್ದು 1990ರ ಡಿಸೆಂಬರಿನಲ್ಲಿ. ಏಳು ಆಸ್ಕರ್ ನಾಮನಿರ್ದೇಶನ ಪಡೆದರೂ ಒಂದೂ ಪ್ರಶಸ್ತಿ ಸಿಗಲಿಲ್ಲ. ಹೆಸರುವಾಸಿ ಅಣ್ಣಂದಿರ ಹಿಂದೆ ಹುಟ್ಟಿದ ತಮ್ಮನ ಪಾಡು ಇದರದ್ದು. ಆದರೆ ಇದನ್ನು ನೋಡದೆ ಮೊದಲೆರಡು ಚಿತ್ರಗಳ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಥೆ 1979ರ ನ್ಯೂಯಾರ್ಕಿನಲ್ಲಿ ಶುರುವಾಗುತ್ತದೆ. ಮೈಕೆಲ್ (ಅಲ್ ಪಚಿನೊ) ಈಗ ತಲೆ ನರೆತ, ಸಕ್ಕರೆ ಕಾಯಿಲೆಯ ಮನುಷ್ಯ. ಜೂಜಿನ ವ್ಯವಹಾರ ಬಿಟ್ಟು, ವ್ಯಾಟಿಕನ್ ಬ್ಯಾಂಕಿನ ನಷ್ಟ ತುಂಬಿಕೊಟ್ಟು, ಇಮ್ಮೊಬಿಲಿಯಾರೆ ಎಂಬ ದೊಡ್ಡ ಕಂಪನಿಯ ಹಿಡಿತ ಪಡೆದು ಮರ್ಯಾದಸ್ಥನಾಗುವ ಆಸೆ ಅವನದು. ಮೇಲಕ್ಕೆ ಹೋದಷ್ಟೂ ಅವನಿಗೆ ಎದುರಾಗುವುದು ವಂಚಕರೇ.

ಚಿತ್ರದ ತಿರುಳು ಪಾಪನಿವೇದನೆಯ ದೃಶ್ಯದಲ್ಲಿದೆ. ಕಾರ್ಡಿನಲ್ ಲಂಬರ್ಟೊ ನೀರಿನಿಂದ ಕಲ್ಲೊಂದನ್ನು ಎತ್ತಿ ಒಡೆದು, ಒಳಗೆ ಅದು ಒಣಗಿಯೇ ಇರುವುದನ್ನು ತೋರಿಸುತ್ತಾರೆ. ಆಮೇಲೆ ಮೈಕೆಲ್ ಒಡಹುಟ್ಟಿದ ಅಣ್ಣ ಫ್ರೆಡೊನನ್ನು ಕೊಲ್ಲಿಸಿದ್ದನ್ನು ಹೇಳಿಕೊಂಡು ಅಳುತ್ತಾನೆ. ಎರಡನೇ ಭಾಗದಲ್ಲಿ ತಣ್ಣಗೆ ಮಾಡಿಸಿದ ಕೊಲೆ ಇಲ್ಲಿ ಅವನನ್ನು ಹಿಂಡುತ್ತದೆ.

ಮಗ ಆಂಥೊನಿ ಕಾನೂನು ಓದು ಬಿಟ್ಟು ಗಾಯಕನಾಗುತ್ತಾನೆ. ಸಿಸಿಲಿಯಲ್ಲಿ ಅಪ್ಪನೆದುರು ಅಲ್ಲಿಯ ಆಡುಮಾತಿನಲ್ಲೇ ಹಾಡುತ್ತಾನೆ. ಅಜ್ಜನ ಭಾಷೆ ಅಮೆರಿಕದಲ್ಲಿ ಬೆಳೆದ ಮೊಮ್ಮಗನ ಬಾಯಲ್ಲಿ ಹಾಡಾಗಿ ಮರಳುವ ಈ ಗಳಿಗೆ, ಮನೆಮಾತಿನ ಬೆಲೆ ಬಲ್ಲ ನಮ್ಮ ಓದುಗರನ್ನು ತಟ್ಟದೆ ಇರದು.

ಮಗಳು ಮೇರಿಯಾಗಿ ನಟಿಸಿದವರು ನಿರ್ದೇಶಕರ ಮಗಳು ಸೋಫಿಯಾ ಕೊಪ್ಪೊಲಾ. ವಿನೋನಾ ರೈಡರ್ ಹಿಂದೆ ಸರಿದದ್ದರಿಂದ ಈ ಪಾತ್ರ ಅವರ ಪಾಲಿಗೆ ಬಂತು. ಅವರ ನಟನೆಯನ್ನು ವಿಮರ್ಶಕರು ಕಟುವಾಗಿ ಟೀಕಿಸಿದರು. ಅನುಭವ ಸಾಲದು, ನಿಜ. ಆದರೂ ಅಪ್ಪನ ಪೂರ್ಣ ಚರಿತ್ರೆ ತಿಳಿಯದ ಹುಡುಗಿಗೆ ಆ ಅಳುಕು ಒಪ್ಪುತ್ತದೆ.

ಇನ್ನು ಮುಕ್ತಾಯದ ಮಾತು. ಚಿತ್ರ ನೋಡದವರು ಈ ಭಾಗವನ್ನು ಆಮೇಲೆ ಓದಬಹುದು. ಪಲೆರ್ಮೊದ ಟಿಯಾಟ್ರೊ ಮಾಸ್ಸಿಮೊದಲ್ಲಿ ಆಂಥೊನಿ ಹಾಡುವ ‘ಕವಲೇರಿಯಾ ರುಸ್ತಿಕಾನಾ’ ಆಪೆರಾ ಮುಗಿದು ಎಲ್ಲರೂ ಹೊರಬಂದಾಗ, ಮೈಕೆಲ್‌ಗೆ ಗುರಿಯಿಟ್ಟ ಗುಂಡು ಮೆಟ್ಟಿಲ ಮೇಲೆ ಮೇರಿಯ ಎದೆ ಹೊಗುತ್ತದೆ. ಮೈಕೆಲ್ ಬಾಯಿ ತೆರೆದು ಚೀರುತ್ತಾನೆ. ಮೊದಲು ನಮಗೆ ಕೇಳುವುದು ಸಂಗೀತ ಮಾತ್ರ, ಚೀರು ತಡವಾಗಿ ಕಿವಿಗೆ ಬೀಳುತ್ತದೆ. ಮನೆಯವರಿಗಾಗಿಯೇ ಎಲ್ಲವನ್ನೂ ಮಾಡಿದೆ ಎನ್ನುತ್ತಿದ್ದವನ ಕೈಯಲ್ಲಿ ಉಳಿಯುವುದು ಮಗಳ ಹೆಣ.

2020ರಲ್ಲಿ ಕೊಪ್ಪೊಲಾ ಇದನ್ನು ಮರುಸಂಕಲನ ಮಾಡಿ, ‘ಮೈಕೆಲ್ ಕೊರ್ಲಿಯೋನೆಯ ಸಾವು’ ಎಂಬ ಅರ್ಥದ ಹೆಸರಿನಲ್ಲಿ ಹೊರತಂದರು. ಮೂಲ ಚಿತ್ರದಲ್ಲಿ ಮುದಿ ಮೈಕೆಲ್ ಒಂಟಿಯಾಗಿ ಕುರ್ಚಿಯಿಂದ ಉರುಳಿ ಸಾಯುತ್ತಾನೆ. ಹೊಸ ರೂಪದಲ್ಲಿ, ಹೆಸರಿನಲ್ಲೇ ಇರುವ ಆ ಸಾವನ್ನು ತೋರಿಸುವುದೇ ಇಲ್ಲ. ಬದುಕಿರುವುದೇ ಅವನಿಗೆ ಶಿಕ್ಷೆ.

ಮೊದಲ ಸಲ ನೋಡುವವರು ಮೂರನ್ನೂ ಬಂದ ಕ್ರಮದಲ್ಲೇ ನೋಡುವುದು ಒಳ್ಳೆಯದು. ಮೂರನೆಯದಕ್ಕೆ 2020ರ ರೂಪ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇವೆ.