ಬೀಳುವ ನೀರಿನ ಲೆಕ್ಕ: ಇಬ್ನ್ ಸೀನಾರಿಂದ ಗೆಲಿಲಿಯೋವರೆಗೆ



ಶಿರಸಿಯಿಂದ ಕುಮಟೆಗೆ ಹೋಗುವ ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ಚಾಲಕರ ಮುಂದಿನ ಮುಳ್ಳನ್ನು ಗಮನಿಸಿದ್ದೀರಾ? ಅದು ಮೂವತ್ತರಲ್ಲೇ ನಿಂತಿದ್ದರೂ ಪ್ರತಿ ತಿರುವಿನಲ್ಲಿ ನಾವು ಪಕ್ಕದವರ ಮೇಲೆ ವಾಲುತ್ತೇವೆ. ಯಲ್ಲಾಪುರದವರಿಗೆ ಅರಬೈಲು ಘಟ್ಟದಲ್ಲಿಯೂ ಇದೇ ಅನುಭವ. ಜವ ಬದಲಾಗಲಿಲ್ಲ, ದಿಕ್ಕು ಬದಲಾಯಿತು. ದಿಕ್ಕು ಬದಲಾದರೂ ವೇಗ ಬದಲಾದಂತೆಯೇ. ಹೀಗೆ ವೇಗ ಬದಲಾಗುವ ದರವೇ ವೇಗೋತ್ಕರ್ಷ. ನೇರ ರಸ್ತೆಯಲ್ಲಿ ಒಂದೇ ಜವದಿಂದ ಸಾಗಿದರೆ ಮಾತ್ರ ಅದು ಏಕರೂಪ ವೇಗ. ಉರ್ದು ಪುಸ್ತಕಗಳಲ್ಲಿ ವೇಗೋತ್ಕರ್ಷಕ್ಕೆ ‘ಇಸ್ರಾ’ ಎನ್ನುತ್ತಾರೆ. (ಮೇರಾಜಿನ ಇಸ್ರಾ ಬೇರೆ, ಇದರ ಕೊನೆಯಲ್ಲಿ ‘ಐನ್’ ಇದೆ. ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ.)

ಇಂದು ಎರಡು ಸಾಲಿನಲ್ಲಿ ಬರೆಯುವ ಈ ವ್ಯತ್ಯಾಸ ಮನುಷ್ಯನಿಗೆ ಹೊಳೆಯಲು ಎರಡು ಸಾವಿರ ವರ್ಷಗಳೇ ಬೇಕಾದವು. ತಳ್ಳುವ ಶಕ್ತಿ ಇರುವವರೆಗೆ ಮಾತ್ರ ವಸ್ತು ಚಲಿಸುತ್ತದೆ, ಭಾರವಾದದ್ದು ಬೇಗ ಬೀಳುತ್ತದೆ ಎಂದು ಅರಿಸ್ಟಾಟಲ್ ತಿಳಿದಿದ್ದನು. ಇಬ್ನ್ ಸೀನಾ (980-1037) ಬೇರೆ ದಾರಿ ಹಿಡಿದರು. ಎಸೆದ ವಸ್ತುವಿನಲ್ಲಿ ‘ಮೈಲ್’ ಎಂಬ ಒಲವು ಉಳಿಯುತ್ತದೆ, ಅಡ್ಡಿಪಡಿಸುವ ಗಾಳಿಯೇ ಇಲ್ಲದಿದ್ದರೆ ಅದು ನಿಲ್ಲುವುದೇ ಇಲ್ಲ ಎಂದರು. ಏಕರೂಪ ವೇಗದ ಕಲ್ಪನೆ ಇಲ್ಲಿ ಇಣುಕುತ್ತದೆ. ಆದರೆ ಅವರು ಇದನ್ನು ಹೇಳಿದ್ದು ನಿರ್ವಾತ ಇರಲಾರದು ಎಂದು ತೋರಿಸುವುದಕ್ಕೆ! ಹನ್ನೆರಡನೆಯ ಶತಮಾನದಲ್ಲಿ ಅಬುಲ್ ಬರಕಾತ್ ಅಲ್ ಬಗ್ದಾದಿಯವರು ಇನ್ನೂ ಮುಂದೆ ಹೋದರು. ಬೀಳುವ ವಸ್ತುವಿನ ಮೇಲೆ ಭಾರವು ಕ್ಷಣಕ್ಷಣವೂ ಹೊಸ ಮೈಲನ್ನು ಸೇರಿಸುತ್ತಲೇ ಇರುವುದರಿಂದ ವೇಗ ಹೆಚ್ಚುತ್ತದೆ ಎಂಬುದು ಅವರ ವಿವರಣೆ.

ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರೆಂದು ವೇದಿಕೆಗಳಲ್ಲಿ ಹೇಳುವುದುಂಟು. ನನಗೆ ಅದು ಸರಿಯೆನಿಸುವುದಿಲ್ಲ. ಬಗ್ದಾದಿಯವರು ಕಾರಣ ಹೇಳಿದರು, ಅಳತೆ ಮಾಡಲಿಲ್ಲ. ಅಳೆದವನು ಗೆಲಿಲಿಯೋ. ನೇರವಾಗಿ ಬೀಳುವ ಗುಂಡು ಕಣ್ಣಿಗೆ ಸಿಗದಷ್ಟು ಬೇಗ ಬೀಳುತ್ತದೆಂದು ಅವನು ಇಳಿಜಾರು ಹಲಗೆಯ ಮೇಲೆ ಗುಂಡನ್ನು ಉರುಳಿಸಿ, ಸೋರಿದ ನೀರನ್ನು ತೂಗಿ ಕಾಲ ಗುರುತಿಸಿದನು. ಸಮಾನ ಕಾಲಾವಧಿಗಳಲ್ಲಿ ಸಾಗಿದ ದೂರಗಳು 1, 3, 5, 7 ಎಂಬ ಪ್ರಮಾಣದಲ್ಲಿ ಬೆಳೆಯುತ್ತವೆಂಬ ನಿಯಮವನ್ನು 1638ರ ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಏಕರೂಪ ವೇಗವಾಗಿದ್ದರೆ ಅದು 1, 1, 1, 1 ಆಗಬೇಕಿತ್ತು.

ಈ ಲೆಕ್ಕವನ್ನು ಸಿದ್ದಾಪುರ ತಾಲೂಕಿನ ಗಡಿಯಲ್ಲಿರುವ ಜೋಗಕ್ಕೆ ಅನ್ವಯಿಸಿ ನೋಡಿ. ಶರಾವತಿ ಅಲ್ಲಿ ಸುಮಾರು 253 ಮೀಟರ್ ಆಳಕ್ಕೆ ಧುಮುಕುತ್ತದೆ. ಗಾಳಿಯ ಅಡ್ಡಿಯನ್ನು ಬಿಟ್ಟರೆ ನೀರು ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5 ಮೀಟರ್ ಬೀಳಬೇಕು. ಸುಮಾರು ಏಳು ಸೆಕೆಂಡುಗಳಲ್ಲಿ ತಳ ಸೇರುವಾಗ ಅದರ ವೇಗ ಗಂಟೆಗೆ 250 ಕಿಲೋಮೀಟರ್ ದಾಟಿರಬೇಕು!

ಆದರೆ ಗಾಳಿ ಬಿಡುವುದಿಲ್ಲ. ನಮ್ಮ ಮಳೆಹನಿಯನ್ನೇ ನೋಡಿ. ಎರಡು ಕಿಲೋಮೀಟರ್ ಎತ್ತರದಿಂದ ಅಡ್ಡಿಯಿಲ್ಲದೆ ಬಿದ್ದಿದ್ದರೆ ಅದು ಗುಂಡಿನಂತೆ ನೆತ್ತಿಗೆ ಬಡಿಯುತ್ತಿತ್ತು. ಗಾಳಿಯ ತಡೆ ಹನಿಯ ಭಾರಕ್ಕೆ ಸಮನಾದ ಕೂಡಲೇ ವೇಗ ಹೆಚ್ಚುವುದು ನಿಲ್ಲುತ್ತದೆ. ದೊಡ್ಡ ಹನಿಯೂ ಸೆಕೆಂಡಿಗೆ ಸುಮಾರು 9 ಮೀಟರಿನ ಏಕರೂಪ ವೇಗದಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ಜೋಗಕ್ಕೆ ಹೋದರೆ ಎರಡನ್ನೂ ಒಟ್ಟಿಗೆ ನೋಡಬಹುದು. ಬಂಡೆಯ ಅಂಚು ಬಿಟ್ಟ ನೀರಿನದು ವೇಗೋತ್ಕರ್ಷ, ಕೊಡೆಯ ಮೇಲೆ ಬೀಳುವ ಹನಿಯದು ಏಕರೂಪ ವೇಗ.