ಬಿ.ಆರ್. ಎಂಬುದರಲ್ಲಿ ಆರ್ ಯಾರು?

ನಮ್ಮ ಕೇರಿಯ ಗೋಡೆಗಳ ಮೇಲೆ ಬಾಬಾಸಾಹೇಬರ ಪಟ ಇದೆ. ಪಟದ ಕೆಳಗೆ ಡಾ. ಬಿ.ಆರ್. ಅಂಬೇಡ್ಕರ್ ಅಂತ ಬರೆದಿದೆ. ಬಿ ಅಂದರೆ ಭೀಮರಾವ್, ಇದು ಮಕ್ಕಳಿಗೂ ಗೊತ್ತು. ಆರ್ ಅಂದರೆ ಯಾರು? ಕೇಳಿ ನೋಡಿ, ಜೈಭೀಮ್ ಅಂತ ಗಂಟಲು ಹರಿಯೋ ಹಾಗೆ ಕೂಗಿದವರೂ ತಡವರಿಸ್ತಾರೆ.

ಆ ಒಂದಕ್ಷರದೊಳಗೆ ಒಬ್ಬ ಅಪ್ಪ ಕೂತಿದ್ದಾನೆ. ರಾಮಜಿ ಮಾಲೋಜಿ ಸಕ್ಪಾಲ್. ಅವನನ್ನು ಇಲ್ಲಿ ಏಕವಚನದಲ್ಲೇ ಕರೀತೀನಿ. ನಮ್ಮ ಕಡೆ ಅಪ್ಪನನ್ನು ಹಾಗೇ ಕರೆಯೋದು, ಅದರಲ್ಲಿ ಅಗೌರವ ಇಲ್ಲ.

ಗೆಳೆಯರೆ, ನಮ್ಮಲ್ಲಿ ಒಂದು ಕೆಟ್ಟ ಚಾಳಿ ಬೆಳೀತಾ ಇದೆ. ಬಾಬಾಸಾಹೇಬರನ್ನು ಅವತಾರಪುರುಷನನ್ನಾಗಿ ಮಾಡೋದು, ಆಕಾಶದಿಂದ ಇಳಿದು ಬಂದವರ ಹಾಗೆ ಹಾಡೋದು. ಅವತಾರದ ಕತೆ ಕಟ್ಟೋದು ಪುರೋಹಿತರ ಕಸುಬು. ಅವರ ಕತೆಯಲ್ಲಿ ಬೆವರಿಗೆ ಜಾಗ ಇಲ್ಲ. ಬಾಬಾಸಾಹೇಬರ ಹಿಂದೆ ಎರಡು ತಲೆಮಾರಿನ ಬೆವರಿದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಬರೆದ ಚರಿತ್ರೆ ನಮ್ಮದಾಗೋದಿಲ್ಲ.

ಸಕ್ಪಾಲರ ಮೂಲ ಊರು ಕೊಂಕಣದ ರತ್ನಗಿರಿ ಜಿಲ್ಲೆಯ ಅಂಬಾವಡೆ. ಜಾತಿಯಲ್ಲಿ ಮಹಾರರು. ಮಹಾರ ಅಂದರೆ ಊರಿಗೆಲ್ಲ ಬಿಟ್ಟಿ ಆಳು. ಸತ್ತ ದನ ಎಳೀಬೇಕು, ಸಾವಿನ ಸುದ್ದಿ ಹೊತ್ತು ಊರೂರು ತಿರುಗಬೇಕು, ಸರ್ಕಾರಿ ಮನುಷ್ಯ ಬಂದರೆ ಅವನ ಹಿಂದೆ ಓಡಬೇಕು. ನಮ್ಮ ತೋಟಿ ತಳವಾರಿಕೆ ಮಾಡಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಚಾಕರಿಯಿಂದ ತಪ್ಪಿಸಿಕೊಳ್ಳೋಕೆ ಇದ್ದ ಒಂದು ಕಿಂಡಿ ಇಂಗ್ಲಿಷರ ಸೈನ್ಯ. ತಾತ ಮಾಲೋಜಿ ಅದರಲ್ಲಿ ತೂರಿಕೊಂಡ. ಮಗ ರಾಮಜಿಯೂ ಅದೇ ದಾರಿ ಹಿಡಿದ. ಅವನಿಗೆ ಹೆಣ್ಣು ಕೊಟ್ಟ ಮುರಬಾಡಕರರ ಮನೆಯೂ ಸೈನ್ಯದ್ದೇ.

ಪರಕೀಯರ ಸೈನ್ಯದಲ್ಲಿ ದುಡಿದರಲ್ಲ ಅಂತ ಕೆಲವರು ಮೂಗು ಮುರೀತಾರೆ. ಸ್ವಕೀಯರು ಇವರ ಕೈಗೆ ಏನು ಕೊಟ್ಟಿದ್ದರು? ಸತ್ತ ದನದ ಕಾಲು. ಸೈನ್ಯ ಬಂದೂಕಿನ ಜೊತೆಗೆ ಪಾಟಿ ಬಳಪವನ್ನೂ ಕೊಟ್ಟಿತು. ದಂಡಿನಲ್ಲಿ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಶಾಲೆ ಇತ್ತು. ರಾಮಜಿ ಪುಣೆಯಲ್ಲಿ ಉಪಾಧ್ಯಾಯನ ತರಬೇತಿ ಪಡೆದು ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾದ, ಮುಂದೆ ಹೆಡ್‌ಮೇಷ್ಟ್ರಾದ, ಸುಬೇದಾರನಾದ. ನೆರಳು ಬಿದ್ದರೆ ಮೈಲಿಗೆ ಅನ್ನೋ ಕಾಲದಲ್ಲಿ ಒಬ್ಬ ಮಹಾರ ಹೆಡ್‌ಮೇಷ್ಟ್ರು! 1891ರ ಏಪ್ರಿಲ್ 14ರಂದು ಮಹೂ ದಂಡಿನಲ್ಲಿ ಅವನಿಗೆ ಹದಿನಾಲ್ಕನೆಯ ಮಗು ಹುಟ್ಟಿತು. ಅವನೇ ಭೀಮ.

ಆ ಕಿಂಡಿಯೂ ಬಹಳ ದಿನ ತೆರೆದಿರಲಿಲ್ಲ. 1890ರ ದಶಕದ ಮೊದಲಿಗೇ ಸರ್ಕಾರ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನ ನಿಲ್ಲಿಸಿತು. ಇದರ ವಿರುದ್ಧ ಸರ್ಕಾರಕ್ಕೆ ಮನವಿ ಸಿದ್ಧಪಡಿಸಲು ರಾಮಜಿ ನ್ಯಾಯಮೂರ್ತಿ ರಾನಡೆಯವರ ನೆರವು ಪಡೆದ ಎಂದು ಬಾಬಾಸಾಹೇಬರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. ಬಾಗಿಲು ತೆರೆಯಲಿಲ್ಲ. ಆದರೆ ನೋಡಿ, ಬಾಬಾಸಾಹೇಬರು ಸರ್ಕಾರಕ್ಕೆ ಅರ್ಜಿ ಬರೆಯೋದಕ್ಕೂ ಮೊದಲು ಅವರ ಅಪ್ಪ ಬರೆಸಿದ್ದ.

1894ರ ಹೊತ್ತಿಗೆ ರಾಮಜಿ ನಿವೃತ್ತನಾದ. ಸಂಸಾರ ದಾಪೋಲಿಗೆ, ಆಮೇಲೆ ಸಾತಾರಕ್ಕೆ ಬಂತು. ಸುಬೇದಾರ ಅಂತ ಕಾಲು ಚಾಚಿ ಕೂರುವ ಹಾಗಿರಲಿಲ್ಲ. ಸಾತಾರದಲ್ಲಿ ಹೆಂಡತಿ ಭೀಮಾಬಾಯಿ ತೀರಿಕೊಂಡಳು. ಮನೆ ತುಂಬ ಮಕ್ಕಳು. ತಾಯಿ ಸತ್ತ ಹಿರಿಮಗಳ ಮಕ್ಕಳೂ ತಾತನ ನೆರಳಲ್ಲೇ ಬೆಳೀತಿದ್ದವು. ರಾಮಜಿಯ ಅಕ್ಕ ಮೀರಾಬಾಯಿ, ಗೂನು ಬೆನ್ನಿನ ಹೆಂಗಸು, ಇಷ್ಟೂ ಮಕ್ಕಳನ್ನು ಸಾಕಿದಳು. ಅವಳ ಹೆಸರಲ್ಲಿ ಒಂದು ಕಂಬವೂ ನಿಂತಿಲ್ಲದಿದ್ದರೆ ಅದು ನಮಗೆ ನಾಚಿಕೆ.

ರಾಮಜಿ ದುಡಿಮೆಗಾಗಿ ಮನೆ ಬಿಟ್ಟು ಸಾತಾರ ಜಿಲ್ಲೆಯ ಗೋರೆಗಾಂವಕ್ಕೆ ಹೋದ. ಬರಗಾಲದ ಜನರಿಗೆ ಕೂಲಿ ಸಿಗಲಿ ಅಂತ ಸರ್ಕಾರ ಅಲ್ಲಿ ಒಂದು ಕೆರೆ ತೋಡಿಸುತ್ತಿತ್ತು. ಆ ಕೆಲಸದಲ್ಲಿ ಇವನು ಕ್ಯಾಷಿಯರ್. 1901ರ ಬೇಸಿಗೆ ರಜಕ್ಕೆ ಬನ್ನಿ ಅಂತ ಮಕ್ಕಳಿಗೆ ಕಾಗದ ಬರೆದ. ಭೀಮ, ಅವನ ಅಣ್ಣ, ಅಕ್ಕನ ಮಕ್ಕಳು ಹೊಸ ಬಟ್ಟೆ, ಜರಿ ಟೋಪಿ ಹಾಕ್ಕೊಂಡು ರೈಲು ಹತ್ತಿದರು. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಇಲ್ಲ. ಬರುತ್ತೇವೆಂದು ಬರೆದ ಕಾಗದ ಅಪ್ಪನ ಕೈ ಸೇರಿರಲಿಲ್ಲ. ಮಹಾರರು ಅಂತ ತಿಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಕೊನೆಗೆ ಒಬ್ಬ ಗಾಡಿಯವನು ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಅದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೀತೀನಿ ಅಂತ! ಬುತ್ತಿ ಇತ್ತು, ನೀರಿಲ್ಲ. ಕೇಳಿದರೂ ಕೊಡುವವರಿಲ್ಲ. ರಾತ್ರಿಯೆಲ್ಲ ಹಸಿದು ಬಾಯಾರಿ ಮಲಗಿದರು.

ಈ ಪ್ರಸಂಗವನ್ನು ಬಾಬಾಸಾಹೇಬರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇದನ್ನು ಓದುವಾಗ ನನಗೆ ಎದ್ದು ಕಾಣೋದು ಅಪ್ಪನ ಕೆಲಸ. ಊರಿಗೆಲ್ಲ ನೀರು ನಿಲ್ಲಿಸುವ ಕೆರೆಯ ಲೆಕ್ಕ ಬರೆಯೋನು ರಾಮಜಿ. ಆ ಕೆರೆಯ ದಾರಿಯಲ್ಲೇ ಅವನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಒಂದು ಗುಟುಕು ನೀರಿಲ್ಲ. ಈ ದೇಶದಲ್ಲಿ ಕೆರೆ ತೋಡುವ ಕೈ ಬೇರೆ, ಕುಡಿಯುವ ಕೈ ಬೇರೆ. 26 ವರ್ಷಗಳ ನಂತರ, 1927ರ ಮಾರ್ಚ್ 20ರಂದು, ಆ ಹುಡುಗ ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಎತ್ತಿದ. ಆ ಬಾಯಾರಿಕೆ ಹಳೇದು.

1904ರ ಸುಮಾರಿಗೆ ಸಂಸಾರ ಮುಂಬಯಿಗೆ ಬಂದು ಪರೇಲದ ಡಬಕ್ ಚಾಳಿನಲ್ಲಿ ಒಂದು ಕೋಣೆ ಹಿಡಿಯಿತು. ಅಡುಗೆ, ಹೊಗೆ, ಸೌದೆ, ಮಲಗೋದು, ಓದೋದು ಎಲ್ಲ ಅದರಲ್ಲೇ. ಭೀಮನಿಗೆ ಓದಲು ಗದ್ದಲ ನಿಲ್ಲಬೇಕಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ. ಮಗ ಬೇಗ ಮಲಗೋದು, ತಾನು ಎಚ್ಚರ ಇರೋದು. ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಮಲಗೋದು. ಸೈನ್ಯದಲ್ಲಿ ಪಹರೆ ಬದಲಾಯಿಸ್ತಾರಲ್ಲ, ಹಾಗೆ.

ಪುಸ್ತಕ ಬೇಕು ಅಂದರೆ ಪಿಂಚಣಿ ಸಾಲದು. ರಾಮಜಿ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೈ ಚಾಚುತ್ತಿದ್ದ. ಅವರ ಒಡವೆ ತಂದು ಅಡವಿಟ್ಟು ಪುಸ್ತಕ ಕೊಳ್ಳುತ್ತಿದ್ದ. ಪಿಂಚಣಿ ಬಂದಾಗ ಬಿಡಿಸಿ ಕೊಡುತ್ತಿದ್ದ. ಬಾಬಾಸಾಹೇಬರ ವಿದ್ಯೆಯೊಳಗೆ ಅಕ್ಕಂದಿರಾದ ಮಂಜುಳಾ, ತುಳಸಿಯರ ಒಡವೆ ಇದೆ. ಅಣ್ಣ ಆನಂದರಾವ್ ಓದು ಬಿಟ್ಟು ಕೂಲಿಗೆ ನಿಂತ ಬದುಕಿದೆ. ಬಡವರ ಮನೆಯಲ್ಲಿ ಒಬ್ಬ ಓದಿದ ಅಂದರೆ ಇನ್ನೊಬ್ಬರ ಓದು ನಿಂತಿದೆ ಅಂತ ಅರ್ಥ. ಪದವಿ ಪಡೆದ ನಾವೆಲ್ಲ ಇದನ್ನು ಎದೆ ಮುಟ್ಟಿ ನೆನೀಬೇಕು.

ರಾಮಜಿ ದೇವರಲ್ಲ. ಶಿಸ್ತಿನ, ಹಟದ ಮನುಷ್ಯ. ಎರಡನೇ ಮದುವೆ ಮಾಡಿಕೊಂಡ. ಸತ್ತ ಅವ್ವನ ಒಡವೆ ಚಿಕ್ಕವ್ವನ ಮೈಮೇಲೆ ಕಂಡ ಭೀಮ ಕುದಿದ. ಆದರೆ ಈ ಕಬೀರಪಂಥಿ ಅಪ್ಪನ ಮನೆಯಲ್ಲಿ ಇನ್ನೊಂದು ಸಂಗತಿ ನಡೀತಿತ್ತು. ಮಕ್ಕಳು ದಿನಾ ರಾಮಾಯಣ ಮಹಾಭಾರತ ಓದಬೇಕು. ನಮ್ಮನ್ನು ಕೀಳು ಮಾಡಿದ ಈ ಪುಸ್ತಕ ಯಾಕೆ ಓದಬೇಕು ಅಂತ ಭೀಮ ತಿರುಗಿ ಕೇಳಿದ. ದ್ರೋಣ, ಕರ್ಣ ಸಣ್ಣ ಸ್ಥಿತಿಯಿಂದ ಎಷ್ಟೆತ್ತರಕ್ಕೆ ಏರಿದರು ನೋಡು, ವಾಲ್ಮೀಕಿ ಕೋಳಿ ಜಾತಿಯವನು, ಇದನ್ನು ಓದಿದರೆ ನಾವು ಕೀಳು ಅನ್ನೋ ಭಾವ ಹೋಗುತ್ತೆ ಎಂಬುದು ಅಪ್ಪನ ಉತ್ತರ. ಮಗ ಒಪ್ಪಲಿಲ್ಲ. ಭೀಷ್ಮ, ದ್ರೋಣ, ಕೃಷ್ಣ, ರಾಮ ಯಾರೂ ಅವನಿಗೆ ಹಿಡಿಸಲಿಲ್ಲ. ಅಪ್ಪ ಸುಮ್ಮನಾದ. ಮಗನೊಳಗೆ ಬಂಡಾಯ ಎದ್ದಿದೆ ಅಂತ ಅವನಿಗೆ ಗೊತ್ತಿತ್ತು. ತಮ್ಮ ಕೊನೆಯ ವರ್ಷ 1956ರಲ್ಲಿ ಬುದ್ಧನ ಕುರಿತ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ಬಾಬಾಸಾಹೇಬರು ಇದನ್ನೆಲ್ಲ ನೆನೆದಿದ್ದಾರೆ.

ಅಪ್ಪನ ಆ ಮೌನ ದೊಡ್ಡದು. ಬಾಯಿ ಮುಚ್ಚು ಅಂತ ಒಂದು ಏಟು ಕೊಟ್ಟಿದ್ದರೆ ಯಾರು ಕೇಳುತ್ತಿದ್ದರು? ಕೊಡಲಿಲ್ಲ. ತಾನು ನಂಬಿದ ಪುಸ್ತಕವನ್ನೇ ಮಗ ಪ್ರಶ್ನಿಸುವಷ್ಟು ಅಕ್ಷರ ಕೊಟ್ಟು, ಪ್ರಶ್ನೆಗೆ ಅಡ್ಡ ನಿಲ್ಲಲಿಲ್ಲ.

1907ರಲ್ಲಿ ಮಗ ಮೆಟ್ರಿಕ್ ಪಾಸಾದ. 1912ರಲ್ಲಿ ಬಿ.ಎ. ಅದೇ ಡಿಸೆಂಬರಿನಲ್ಲಿ ಮೊಮ್ಮಗ ಯಶವಂತ ಹುಟ್ಟಿದ. ಭೀಮರಾವ್ ಬರೋಡದ ಕೆಲಸಕ್ಕೆ ಹೋದ ಸ್ವಲ್ಪ ದಿನಕ್ಕೇ ಅಪ್ಪನಿಗೆ ಕಾಯಿಲೆ ಅಂತ ತಂತಿ ಬಂತು. ಬರುವ ದಾರಿಯಲ್ಲಿ ಅಪ್ಪನಿಗೆ ಸಿಹಿತಿಂಡಿ ತರೋಣ ಅಂತ ಸೂರತ್‌ನಲ್ಲಿ ಇಳಿದ, ರೈಲು ತಪ್ಪಿತು. ಬಂದು ಸೇರುವಾಗ ಕೊನೆಯುಸಿರು. 1913ರ ಫೆಬ್ರವರಿ 2. ಅದೇ ವರ್ಷ ಮಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ. ನೋಡೋಕೆ ಅಪ್ಪ ಇರಲಿಲ್ಲ.

ಗೆಳೆಯರೆ, ಪಟಕ್ಕೆ ಹಾರ ಹಾಕುವಾಗ ಆ ಆರ್ ಅನ್ನೋ ಅಕ್ಷರವನ್ನೂ ಓದಿ. ಆಮೇಲೆ ನಿಮ್ಮ ನಿಮ್ಮ ಇನಿಷಿಯಲ್ ಬಿಡಿಸಿ ಬರೆಯಿರಿ. ಚಪ್ಪಲಿ ಹೊಲಿದವನು, ಬೀದಿ ಗುಡಿಸಿದವನು, ಜೀತಕ್ಕಿದ್ದವನು, ರಾತ್ರಿ ಕಾದು ನಿಮ್ಮನ್ನು ಓದಲು ಎಬ್ಬಿಸಿದವನು, ಅವನ ಪಕ್ಕದಲ್ಲಿ ಒಡವೆ ಬಿಚ್ಚಿಕೊಟ್ಟವಳು. ಅವರ ಹೆಸರು, ಊರು, ದುಡಿದ ಕೆಲಸ ಎಲ್ಲ ಬರೆದಿಡಿ. ಅವರು ಬರೆಯಲಾರರು. ಬರೆಯಲಿ ಅಂತಲೇ ನಮ್ಮನ್ನು ಓದಿಸಿದ್ದು.